ಹೊಸ ಕೃಷಿ ತಂತ್ರಜ್ಞಾನ: ಕೋಲಾರ, ಚಿಕ್ಕಬಳ್ಳಾಪುರದ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನನ್ನದು ಮೂರೂವರೆ ಎಕರೆ. ಒಂದೂವರೆ ಎಕರೆ ಮಾವು, ಮಿಕ್ಕಿದ್ದರಲ್ಲಿ ಟೊಮೆಟೊ, ರಾಗಿ, ಎರಡು ಸೀಮೆಹಸುಗಳ ಮೇವು. ಡೇರಿ ಮುಂದೆ ಕ್ಯಾನ್ ಇಟ್ಟುಕೊಂಡು ನಿಂತಾಗ, ಮಂಡಿಯಲ್ಲಿ ಹರಾಜು ಕೂಗುವುದನ್ನು ಕಾಯುವಾಗ, ಮದುವೆ ಊಟದ ಸಾಲಿನಲ್ಲಿ, ರಾತ್ರಿ ಒಂಬತ್ತರ ಮೇಲೆ ಬರುವ ಫೋನಿನಲ್ಲಿ ಜನ ಕೇಳಿದ್ದನ್ನೇ ಕೇಳುತ್ತಾರೆ. ಅವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಶುರುವಿಗೆ

"ಹೊಸ ತಂತ್ರಜ್ಞಾನ ಅಂದ್ರೆ ಡ್ರೋನು, ಸೆನ್ಸರು, ಅಷ್ಟೇನಾ?"

ಅಲ್ಲ. ನಮ್ಮಜ್ಜನ ಕಾಲಕ್ಕೆ ಕಪಿಲೆ ಬಿಟ್ಟು ಕರೆಂಟ್ ಮೋಟರು ಕೂರಿಸಿದ್ದೇ ಹೊಸ ತಂತ್ರಜ್ಞಾನ. ಬೀಜವೂ ತಂತ್ರಜ್ಞಾನವೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. 'ಇಂಡಿಯಾ'ದ್ದು ಅರ್ಧ, 'ಆಫ್ರಿಕಾ'ದ್ದು ಅರ್ಧ, ಸೇರಿ ಆ ಹೆಸರು. ಆಮೇಲೆ ಬಂದ ಜಿಪಿಯು-28 ಬೆಂಕಿ ರೋಗ ತಡೆಯುವ ತಳಿ, ಈಗಲೂ ನಮ್ಮ ಕಡೆ ಬಿತ್ತುತ್ತಾರೆ. ಇವುಗಳಿಗೆ ಪೆಟ್ರೋಲ್ ಬೇಡ, ರಿಪೇರಿ ಬೇಡ. ರಾಗಿ ತನ್ನ ಹೂವಿನಲ್ಲೇ ಪರಾಗ ಕಟ್ಟುವ ಬೆಳೆಯಾದ್ದರಿಂದ ಒಳ್ಳೆ ತೆನೆ ಆರಿಸಿ ಬೀಜ ಎತ್ತಿಟ್ಟರೆ ಎರಡು ಮೂರು ವರ್ಷ ಅಂಗಡಿಗೂ ಹೋಗಬೇಕಿಲ್ಲ. ಹೈಬ್ರಿಡ್ ಟೊಮೆಟೊದಲ್ಲಿ ಆ ಅನುಕೂಲ ಇಲ್ಲ, ಪ್ರತಿ ಬೆಳೆಗೂ ಕೊಳ್ಳಲೇಬೇಕು.

"ಓದಿಲ್ಲದೋರು ಹೊಸದನ್ನ ಒಪ್ಪಲ್ಲ ಅಂತಾರಲ್ಲ ಸಾರ್, ನಿಜವಾ?"

ಈ ಮಾತನ್ನು ಹೇಳುವವರು ಸುಗ್ಗಿ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡಿಲ್ಲ ಅನ್ನಿಸುತ್ತದೆ. ಹುರುಳಿಯನ್ನೋ ರಾಗಿಯನ್ನೋ ಡಾಂಬರಿನ ಮೇಲೆ ಹರಡಿ, ಸರ್ಕಾರಿ ಬಸ್ಸನ್ನೇ ರೋಣಗಲ್ಲು ಮಾಡಿಕೊಂಡ ಜನ ನಾವು! ಬೈಕಿನವರು ಜಾರಿ ಬಿದ್ದು ಪ್ರಾಣ ಕಳೆದುಕೊಂಡಿದ್ದಾರೆ, ಆ ಕೆಲಸ ಮಾಡಬಾರದು, ಅದು ಬೇರೆ ಮಾತು. ಆದರೆ ಖರ್ಚಿಲ್ಲದೆ ಕೆಲಸ ಆಗುತ್ತದೆ ಅಂದರೆ ಯಾರ ಅಪ್ಪಣೆಯನ್ನೂ ಕಾಯದೆ ಹೊಸದನ್ನು ಹಿಡಿಯುತ್ತೇವೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ರೈತ ಹಿಂಜರಿಯುವುದು ಮುಖ್ಯವಾಗಿ ನಷ್ಟಕ್ಕೆ ಹೆದರಿ. ಘಾನಾ ದೇಶದ ಉತ್ತರ ಭಾಗದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವು ರೈತರಿಗೆ ನಗದು ಕೊಟ್ಟರು, ಕೆಲವರಿಗೆ ಮಳೆ ವಿಮೆ ಕೊಟ್ಟರು. ವಿಮೆ ಸಿಕ್ಕವರೇ ಹೊಲಕ್ಕೆ ಹೆಚ್ಚು ಬಂಡವಾಳ ಹಾಕಿದರು. ಮಳೆ ಕೈಕೊಟ್ಟರೆ ಮನೆ ಮುಳುಗುವುದಿಲ್ಲ ಅನ್ನುವ ಧೈರ್ಯ ಬಂದ ಮೇಲೆ ಗೊಬ್ಬರಕ್ಕೆ, ಉಳುಮೆಗೆ ದುಡ್ಡನ್ನು ಅವರೇ ಹೊಂದಿಸಿಕೊಂಡರು. ಒಡಿಶಾದಲ್ಲಿ ನೆರೆಯಲ್ಲಿ ಮುಳುಗಿದರೂ ಎರಡು ವಾರ ತಡೆಯುವ ಸ್ವರ್ಣ-ಸಬ್1 ಭತ್ತ ಕೊಟ್ಟಾಗಲೂ ಹೀಗೇ ಆಯಿತು. ಬೀಜ ಗಟ್ಟಿ ಅನ್ನುವುದು ಗೊತ್ತಾದ ಮೇಲೆ ಗೊಬ್ಬರ ಜಾಸ್ತಿ ಹಾಕಿದರು, ನಾಟಿ ಪದ್ಧತಿಯನ್ನೂ ಸುಧಾರಿಸಿಕೊಂಡರು.

ಹೊಸ ಯಂತ್ರ ತೋರಿಸಲು ಬಂದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಇದು ಕೆಟ್ಟ ದಿನ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ? 'ಟೋಲ್ ಫ್ರೀ ನಂಬರ್ ಇದೆ' ಅಂದರೆ ಕಾಫಿ ಕೊಟ್ಟು ಕಳಿಸುತ್ತೇನೆ.

"ನನ್ ಹತ್ರ ಐದ್ ಸಾವಿರ ಅದೆ. ಮೊದ್ಲು ಯಾವ್ದಕ್ಕೆ ಹಾಕ್ಲಿ?"

ನೇರ ಉತ್ತರ ಕೊಡುತ್ತೇನೆ. ಡ್ರಿಪ್ (ಹನಿ ನೀರಾವರಿ) ಇದ್ದರೆ ಒಳ್ಳೆ ಫಿಲ್ಟರ್‌ಗೆ. ರೇಷ್ಮೆ ಇದ್ದರೆ ಹುಳು ಮನೆಗೆ ಒಂದು ಉಷ್ಣ-ತೇವ ಮಾಪಕ. ಹಸು ಇದ್ದರೆ ಕೊಟ್ಟಿಗೆಗೆ ರಬ್ಬರ್ ಮ್ಯಾಟ್. ಏನೂ ಇಲ್ಲದೆ ಬರೀ ಹೊಲ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಮಿಕ್ಕ ದುಡ್ಡು ಜೇಬಲ್ಲೇ ಇರಲಿ.

"ಮಣ್ಣು ಆರೋಗ್ಯ ಚೀಟಿ ಬಂದಿದೆ. ನಾನು ಮಣ್ಣೇ ಕೊಟ್ಟಿಲ್ಲ, ಹೆಂಗೆ ಬಂತು?"

ಇದರಲ್ಲಿ ಮೋಸ ಇಲ್ಲ, ಪದ್ಧತಿಯೇ ಹಾಗೆ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ನೀರಾವರಿ ಜಮೀನಾದರೆ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಾದರೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯುತ್ತಿದ್ದರು. ಆ ಚೌಕದೊಳಗಿನ ರೈತರಿಗೆಲ್ಲ ಅದೇ ಫಲಿತಾಂಶದ ಚೀಟಿ ಹೋಗುತ್ತಿತ್ತು. ನಿಮ್ಮ ಹೆಸರಿನ ಚೀಟಿಯಲ್ಲಿರುವುದು ಪಕ್ಕದವರ ಮಣ್ಣಿರಬಹುದು. ಅವರು ಹತ್ತು ವರ್ಷ ಕೋಳಿ ಗೊಬ್ಬರ ಹೊಡೆದಿದ್ದು ನೀವು ಹೊಡೆದಿಲ್ಲದಿದ್ದರೆ ಆ ಲೆಕ್ಕ ನಿಮಗೆ ಹೊಂದುವುದಿಲ್ಲ.

ನೀವೇ ತೆಗೆಯಿರಿ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಆರಿಂಚು ಗುಳಿ ತೋಡಿ, ಅಂಚಿನ ಮಣ್ಣು ಕೆರೆದು ತೆಗೆಯಬೇಕು. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆಯಿರಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಕೊಡಿ. ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ತುಮಕೂರು ಕಡೆಯವರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ. ಗೊಬ್ಬರ ಹಾಕಿದ ವಾರದಲ್ಲಿ ಮಾತ್ರ ಮಣ್ಣು ತೆಗೆಯಬೇಡಿ.

## ನೀರು

"ಬೋರಲ್ಲಿ ಎರಡಿಂಚು ಬಿದ್ದಿದೆ. ಎಷ್ಟು ಎಕರೆಗೆ ಡ್ರಿಪ್ ಮಾಡ್ಬೋದು?"

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದೂ ಇಲ್ಲೇ. ಬೋರ್ ಕೊರೆದ ದಿನ ವಿ ಆಕಾರದ ಕಚ್ಚಿನ ಮೇಲೆ ನೀರು ಹರಿಸಿ ಇಷ್ಟು ಇಂಚು ಅನ್ನುತ್ತಾರಲ್ಲ, ಆ ಲೆಕ್ಕ ನೇರವಾಗಿ ಏರುವುದಿಲ್ಲ. ಕಚ್ಚು ಮೇಲೆ ಹೋದಂತೆ ಅಗಲವೂ ಆಗುತ್ತದೆ. ಹಾಗಾಗಿ ಎರಡಿಂಚು ಅಂದರೆ ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ಮೂಲೆಮಟ್ಟದ (90 ಡಿಗ್ರಿ) ಕಚ್ಚಿನಲ್ಲಿ ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚಿಗೆ 2,900, ಮೂರಿಂಚಿಗೆ 8,000 ಹತ್ತಿರ. 'ಎರಡೂವರೆ ಇತ್ತು, ಈಗ ಎರಡಕ್ಕೆ ಬಂದಿದೆ' ಎಂದು ಯಾರಾದರೂ ಹಗುರಾಗಿ ಹೇಳಿದರೆ ಅವರ ನೀರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಅಂತಲೇ ಅರ್ಥ.

ಈಗ ಎಕರೆ ಲೆಕ್ಕ. ಟೊಮೆಟೊಗೆ ನಾಲ್ಕಡಿ ಸಾಲು, ಸಾಲಿನಲ್ಲಿ 40 ಸೆಂಟಿಮೀಟರಿಗೊಂದು ತೂತು ಇದ್ದರೆ ಎಕರೆಗೆ ಸುಮಾರು 8,300 ತೂತು. ಒಂದೊಂದು ಗಂಟೆಗೆ ಎರಡು ಲೀಟರ್ ಕೊಡುವಂಥದ್ದಾದರೆ, ಎಲ್ಲ ಒಟ್ಟಿಗೆ ಬಿಟ್ಟಾಗ ಗಂಟೆಗೆ ಹದಿನಾರೂವರೆ ಸಾವಿರ ಲೀಟರ್ ಬೇಕು. ನಿಮ್ಮ ಎರಡಿಂಚು ಕೊಡುವುದು 2,900. ಒಂದೇ ವಾಲ್ವಿನಲ್ಲಿ ಬಿಟ್ಟರೆ ಪೈಪ್ ತುಂಬುವುದೇ ಇಲ್ಲ. ಮೋಟರಿನ ಹತ್ತಿರದ ಗಿಡ ಕೊಳೆಯುತ್ತದೆ, ಕೊನೆಯ ಗಿಡ ಬಾಡುತ್ತದೆ. ಆರು ಭಾಗ ಮಾಡಿ, ಆರು ವಾಲ್ವ್ ಇಟ್ಟು ಒಂದೊಂದಕ್ಕೆ ಗಂಟೆಯ ಮೇಲೆ ಹತ್ತು ನಿಮಿಷ ಬಿಟ್ಟರೆ ಏಳು ಗಂಟೆ ತ್ರೀ ಫೇಸ್ ಕರೆಂಟಿನಲ್ಲಿ 20 ಸಾವಿರ ಲೀಟರ್ ಹೋಗುತ್ತದೆ. ಬೇಸಿಗೆಯಲ್ಲಿ ಕಾಯಿ ತುಂಬುವ ಹೊತ್ತಿಗೆ ಒಂದೆಕರೆ ಟೊಮೆಟೊ ದಿನಕ್ಕೆ ಕೇಳುವುದು 16ರಿಂದ 20 ಸಾವಿರ. ಅಂದರೆ ಎರಡಿಂಚಿಗೆ ಒಂದೇ ಎಕರೆ. 'ಎರಡೂವರೆ ಎಕರೆಗೆ ಆಗುತ್ತೆ, ಹಾಕಿಸಿ' ಎಂದು ಯಾರಾದರೂ ಅಂದರೆ, ಅವರಿಗೆ ಬೇಕಿರುವುದು ಪೈಪಿನ ಬಿಲ್ಲು ಅಂತ ತಿಳಿಯಿರಿ.

"ಡ್ರಿಪ್ ಒಂದೇ ವರ್ಷಕ್ಕೆ ಕಟ್ಕೊಂಡ್ಬಿಟ್ಟಿತು. ಪೈಪ್ ಡೂಪ್ಲಿಕೇಟಾ?"

ಇರಬಹುದು. ಆದರೆ ಮೊದಲು ನಿಮ್ಮ ನೀರು ನೋಡಿ. ಸಾವಿರ ಅಡಿ ಕೆಳಗಿಂದ ಬರುವ ನೀರು ಉಪ್ಪು, ಗಡಸು. ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಡ್ರಿಪ್ಪಿನ ತೂತಿನಲ್ಲೂ ಕಟ್ಟುತ್ತದೆ. ನಾನು ಮೊದಲ ಸಲ ಹಾಕಿಸಿದಾಗ ಫಿಲ್ಟರ್ ತೊಳೆಯಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಂಟು ತಿಂಗಳಿಗೆ ಅರ್ಧ ಸಾಲು ಒಣಗಿತು. ಈಗ ದಿನ ಬಿಟ್ಟು ದಿನ ಫಿಲ್ಟರ್ ತೊಳೆಯುತ್ತೇನೆ, ಹದಿನೈದು ದಿನಕ್ಕೊಮ್ಮೆ ಪ್ರತಿ ಸಾಲಿನ ಕೊನೆಯ ಮಡಿಕೆ ಬಿಚ್ಚಿ ಕೆಸರು ನೀರು ಹೊರಗೆ ಬಿಡುತ್ತೇನೆ. ಉಪ್ಪು ಹಿಡಿದಿದ್ದರೆ ಆಮ್ಲ ಬಿಡಬೇಕಾಗುತ್ತದೆ, ಪ್ರಮಾಣ ನಿಮ್ಮ ನೀರಿನ ಪರೀಕ್ಷೆ ನೋಡಿ ಕೇಳಿಕೊಳ್ಳಿ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು, ಮುಖಕ್ಕೆ ಎಗರುತ್ತದೆ.

ಇನ್ನೊಂದು ತಪ್ಪು ಗೊಬ್ಬರದ ಡ್ರಮ್ಮಿನಲ್ಲಿ ಆಗುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಇರುವ ಅಥವಾ ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿನಲ್ಲಿ ಕರಗಿಸಬೇಡಿ. ಎರಡೂ ಸೇರಿ ಸುಣ್ಣದ ಗಸಿಯಂತೆ ಕೂರುತ್ತದೆ. ಗಿಡಕ್ಕೂ ಸಿಗುವುದಿಲ್ಲ, ಪೈಪೂ ಉಳಿಯುವುದಿಲ್ಲ.

"ಕೃಷಿ ಹೊಂಡ ಮಾಡಿಸಿದ್ರೆ ಎಷ್ಟು ದಿನಕ್ಕೆ ನೀರಾಗುತ್ತೆ?"

ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ದಂಡೆಯ ಇಳಿಜಾರು ಸರಿಸಮ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇದ್ದರೆ ಎರಡೂವರೆ ಲಕ್ಷ ಲೀಟರ್. ಒಂದೆಕರೆ ಟೊಮೆಟೊಗೆ ಎರಡು ವಾರದ ನೀರು. ಕಡಿಮೆ ಅನ್ನಿಸಬಹುದು, ಆದರೆ ಮೋಟರ್ ಸುಟ್ಟು ರಿಪೇರಿಯಾಗಿ ಬರುವ ತನಕ ಬೆಳೆ ಉಳಿಸುವುದು ಈ ಎರಡು ವಾರವೇ. ರಾಗಿ ತೆನೆ ಒಡೆಯುವಾಗ ಮಳೆ ಹಿಡಿದುಕೊಂಡರೆ ಒಂದೆರಡು ಸಲ ಕೊಡಲೂ ಆಗುತ್ತದೆ. ಹಾಳೆ ಹಾಕಿದ ಹೊಂಡದ ದಂಡೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಲಾರ. ಸುತ್ತ ಬೇಲಿ ಹಾಕಿ, ನಾಲ್ಕು ಮೂಲೆಯಿಂದ ಗಂಟು ಹಾಕಿದ ಹಗ್ಗ ಇಳಿಬಿಡಿ. ಮಕ್ಕಳಿರುವ ಮನೆಯಲ್ಲಿ ಹೊಂಡದ ದಿನವೇ ಬೇಲಿ ಆಗಬೇಕು, 'ಮುಂದಿನ ವಾರ ಹಾಕೋಣ' ಅನ್ನಬೇಡಿ.

## ಯಂತ್ರ

"ಎರಡೆಕರೆಗೆ ಟ್ರ್ಯಾಕ್ಟರ್ ತಗೊಳ್ಳೋದು ಸರಿನಾ ಅಣ್ಣಾ?"

ಬಾಡಿಗೆಗೆ ಓಡಿಸುವ ಮನಸ್ಸಿದ್ದರೆ ಸರಿ, ಬರೀ ಸ್ವಂತಕ್ಕಾದರೆ ಬೇಡ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಇದಕ್ಕೆ. ಕಷ್ಟ ಏನೆಂದರೆ ಹದ ಮಳೆ ಬಿದ್ದಾಗ ಎಲ್ಲರಿಗೂ ಅದೇ ಮೂರು ದಿನ ಮಣ್ಣು ಪುಡಿ ಮಾಡುವ ರೋಟವೇಟರ್ ಬೇಕು. ನೈಜೀರಿಯಾದಲ್ಲಿ ಹಲೋ ಟ್ರ್ಯಾಕ್ಟರ್ ಎನ್ನುವ ಸಂಸ್ಥೆ ಇದಕ್ಕೊಂದು ಉಪಾಯ ಹೂಡಿತು. ಹಳ್ಳಿಯಲ್ಲಿ ಒಬ್ಬ ಮಧ್ಯವರ್ತಿ ಅಕ್ಕಪಕ್ಕದ ಸಣ್ಣ ಹಿಡುವಳಿಗಳನ್ನೆಲ್ಲ ಒಟ್ಟು ಮಾಡಿ ಒಂದೇ ಆರ್ಡರ್ ಹಾಕುತ್ತಾನೆ, ಟ್ರ್ಯಾಕ್ಟರ್ ಮಾಲೀಕನಿಗೂ ಅಷ್ಟು ದೂರ ಬಂದದ್ದಕ್ಕೆ ಲಾಭ. ನಮ್ಮ ಊರಲ್ಲೂ ಒಂದೇ ಬಯಲಿನ ಎಂಟು ಮನೆಯವರು ಒಟ್ಟಿಗೆ ಹೇಳಿದರೆ ಯಂತ್ರ ಮೊದಲು ಅಲ್ಲಿಗೇ ಬರುತ್ತದೆ. ಒಬ್ಬೊಬ್ಬರೇ ಫೋನ್ ಮಾಡಿದರೆ 'ನಾಳೆ, ನಾಳೆ' ಅನ್ನುತ್ತಾರೆ.

"ರಾಗಿಗೆ ಕಂಬೈನ್ ಬಂದಿದೆ, ಗಂಟೆಲಿ ಮುಗೀತದೆ. ನಮ್ ಯಜಮಾನ್ರು ಬೇಡ ಅಂತಾರೆ, ಹಠಾನಾ?"

ಯಜಮಾನರ ಲೆಕ್ಕವೂ ಸರಿಯಿದೆ. ಕೊಯ್ಯುವ, ಒಕ್ಕುವ ಕೂಲಿ ಉಳಿಯುತ್ತದೆ, ನಿಜ. ಆದರೆ ದೊಡ್ಡ ಯಂತ್ರ ತೆನೆ ಎತ್ತರದಲ್ಲಿ ಕೊಯ್ದು ಹುಲ್ಲನ್ನು ತುಳಿದು, ಪುಡಿ ಮಾಡಿ ಚೆಲ್ಲುತ್ತದೆ. ಮನೆಯಲ್ಲಿ ಹಸು ಇದ್ದವರಿಗೆ ರಾಗಿ ಹುಲ್ಲಿನ ಬಣವೆ ಅಂದರೆ ಬೇಸಿಗೆಯ ಮೇವು. ಹಾಲಿನ ಬಟವಾಡೆ ಬರುವುದು ಆ ಬಣವೆಯಿಂದ. ಕೂಲಿಯಲ್ಲಿ ಉಳಿಸಿದ್ದನ್ನು ಮಾರ್ಚಿಯಲ್ಲಿ ಹುಲ್ಲಿನ ಲೋಡಿಗೆ ಕೊಡಬೇಕಾಗುತ್ತದೆ. ಹಸು ಇಲ್ಲದವರು ಕಂಬೈನ್ ಕರೆಸಲಿ. ಹಸು ಇದ್ದವರು ನೆಲಮಟ್ಟಕ್ಕೆ ಕೊಯ್ಯುವ ಸಣ್ಣ ಕಟಾವು ಯಂತ್ರ, ಆಮೇಲೆ ಒಕ್ಕಣೆ ಯಂತ್ರ, ಹೀಗೆ ಎರಡು ಹಂತದಲ್ಲಿ ಮಾಡಲಿ.

"ಡ್ರೋನಲ್ಲಿ ಔಷಧಿ ಹೊಡ್ಸೋದು ಒಳ್ಳೇದಾ?"

ಬೆಳೆ ನೋಡಿ ಹೇಳಬೇಕು. ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಒಂದೆಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ. ಬೆನ್ನಿನ ಪಂಪಿಗೆ 150ರಿಂದ 200 ಲೀಟರ್ ನೀರು ಬೇಕಾದಲ್ಲಿ ಇದಕ್ಕೆ ಹತ್ತು ಲೀಟರ್ ಸಾಕು. ಔಷಧಿ ಮೈಗೆ ಮೆತ್ತಿಕೊಳ್ಳುವುದಿಲ್ಲ. ಎದೆಯೆತ್ತರ ಬೆಳೆದ ತೊಗರಿ, ಮುಸುಕಿನ ಜೋಳ, ಒಳಗೆ ಕಾಲಿಡಲಾಗದ ಬೆಳೆಗೆ ಇದು ಸರಿ.

ಟೊಮೆಟೊಗೆ ನಾನು ಹೂಂ ಅನ್ನುವುದಿಲ್ಲ. ಎಲೆ ಮುದುರು ರೋಗ ಹರಡುವ ಬಿಳಿನೊಣ ಕೂರುವುದು ಎಲೆಯ ಅಡಿಯಲ್ಲಿ. ಕಡ್ಡಿ ಕಟ್ಟಿದ ದಟ್ಟ ಗಿಡದಲ್ಲಿ ಮೇಲಿಂದ ಬಿದ್ದ ಹನಿ ಅಲ್ಲಿಗೆ ತಲುಪುವುದು ಕಷ್ಟ. ಇನ್ನು ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಕಡೆಯ ದೊಡ್ಡ ಅಪಾಯ ಹಿಪ್ಪುನೇರಳೆ ತೋಟ. ಗಾಳಿಯಲ್ಲಿ ತೇಲಿದ ಕೀಟನಾಶಕ ಪಕ್ಕದ ಸೊಪ್ಪಿನ ಮೇಲೆ ಕೂತರೆ ಇಡೀ ಹುಳು ಮನೆ ಒಂದೇ ದಿನಕ್ಕೆ ಖಾಲಿಯಾಗುತ್ತದೆ. ಯಾರ ತೋಟ ಎಲ್ಲಿದೆ, ಯಾರ ಮನೆಯಲ್ಲಿ ಎಷ್ಟನೇ ಜ್ವರದ (ಪೊರೆ ಬಿಡುವ ಹಂತದ) ಹುಳು ಇದೆ ಎಂದು ಕೇಳದೆ ಡ್ರೋನ್ ಏರಿಸಿದರೆ ಬೆಳೆ ಜೊತೆಗೆ ಬಾಂಧವ್ಯವೂ ಹೋಗುತ್ತದೆ. ಹಾರಿಸುವವರಿಗೆ 2021ರ ಡ್ರೋನ್ ನಿಯಮದ ಪ್ರಕಾರ ಪೈಲಟ್ ಪ್ರಮಾಣಪತ್ರ ಇರಬೇಕು, ಕೇಳಿ ನೋಡುವುದರಲ್ಲಿ ನಾಚಿಕೆ ಇಲ್ಲ.

## ಬೀಜ, ನಾರು, ಹುಳು

"ನರ್ಸರಿಯವರು ಒಂದು ತಳಿ ಹೇಳಿ ಇನ್ನೊಂದು ಕೊಟ್ರೆ ಏನ್ ಮಾಡೋದು?"

ನಾರು, ಅಂದರೆ ಸಸಿ, ನೋಡಿ ತಳಿ ಗುರುತಿಸಲು ಯಾರಿಂದಲೂ ಆಗದು. ಕಾಯಿ ಬಂದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಕಡ್ಡಿ, ಹಗ್ಗ, ಮಣ್ಣಿನ ಹೊದಿಕೆ ಹಾಳೆ, ಗೊಬ್ಬರ ಎಲ್ಲ ಹೋಗಿರುತ್ತದೆ. ಬೀಜದ ಚೀಲಕ್ಕಾದರೆ ಬಣ್ಣದ ಚೀಟಿ ಇದೆ, ಪ್ರಮಾಣಿತ ಬೀಜಕ್ಕೆ ನೀಲಿ, ಮೂಲ ಬೀಜಕ್ಕೆ ಬಿಳಿ. ನಾರಿಗೆ ಏನೂ ಇಲ್ಲ. ಅದಕ್ಕೇ ಬಿಲ್ಲಿನಲ್ಲಿ ತಳಿ ಹೆಸರು ಮತ್ತು ಬೀಜದ ಲಾಟ್ ನಂಬರ್ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ನಾರು ಬೇಡ.

ಇದು ನಮ್ಮೊಬ್ಬರ ಗೋಳಲ್ಲ. ಉಗಾಂಡದಲ್ಲಿ ಅಂಗಡಿಗಳಿಂದ ಮಾದರಿ ಕೊಂಡು ಪರೀಕ್ಷಿಸಿದಾಗ ಗೊಬ್ಬರದಲ್ಲಿ ಇರಬೇಕಾದ ಸಾರಜನಕದಲ್ಲಿ ಶೇ 30ರಷ್ಟು ಇರಲೇ ಇಲ್ಲ, ಹೈಬ್ರಿಡ್ ಮೆಕ್ಕೆಜೋಳದ ಬೀಜದಲ್ಲಿ ಅರ್ಧದಷ್ಟೂ ಅಸಲಿ ಇರಲಿಲ್ಲ. ಅಲ್ಲಿಯ ರೈತರು ಹೊಸ ಬೀಜ ಕೊಳ್ಳುವುದಿಲ್ಲ ಎಂದು ವರ್ಷಗಟ್ಟಲೆ ಬೈಸಿಕೊಂಡಿದ್ದರು!

"ಬದನೆ ಮೇಲೆ ಟೊಮೆಟೊ ಕಸಿ ಮಾಡಿದ ನಾರು ಬಂದಿದೆಯಂತೆ, ತರ್ಲಾ?"

ನಿಮ್ಮ ಹೊಲದ ಕಾಯಿಲೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹಸಿರಾಗಿದ್ದ ಗಿಡ ಎರಡು ದಿನದಲ್ಲಿ ಸೊರಗಿ ಬೀಳುವ ದುಂಡಾಣು ಸೊರಗು ರೋಗ ಇದ್ದರೆ, ಅದಕ್ಕೆ ತಡೆ ಇರುವ ಬದನೆ ತಳಿಯ ಬೇರು ಗಿಡವನ್ನು ಕಾಪಾಡುತ್ತದೆ. ತೈವಾನಿನ ವಿಶ್ವ ತರಕಾರಿ ಕೇಂದ್ರ ಈ ಪದ್ಧತಿಯನ್ನು ಬೆಳೆಸಿತು, ವಿಯೆಟ್ನಾಮಿನ ಲಾಮ್ ಡಾಂಗ್ ಪ್ರಾಂತ್ಯದಲ್ಲಿ ರೋಗ ತಡೆಯುವ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವುದು ಮನೆಮಾತು. ಆದರೆ ಎಲೆ ಮುದುರು ರೋಗಕ್ಕೆ ಬೇರು ಬದಲಿಸಿ ಪ್ರಯೋಜನ ಇಲ್ಲ, ಅದು ನೊಣ ತರುವ ವೈರಸ್. ಅದಕ್ಕೆ ತಡೆ ಇರುವ ತಳಿಯೇ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುರು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವಂತೆ ಮಾಡಿದ ಹೈಬ್ರಿಡ್. ಏನೇ ತಂದರೂ ಮೊದಲ ವರ್ಷ ಹತ್ತು ಗುಂಟೆ ಮಾತ್ರ. ಕಸಿ ಗಿಡ ನೆಡುವಾಗ ಕಸಿಯ ಗಂಟು ಮಣ್ಣಿಗೆ ಮುಟ್ಟಬಾರದು.

"ರೇಷ್ಮೆಲಿ ಹೊಸದು ಏನಿದೆ?"

ಹೊಸದಕ್ಕಿಂತ, ಹಳೆಯ ಹೊಸದನ್ನೇ ಪೂರ್ತಿ ಮಾಡಿಲ್ಲ ನಾವು. ವಿ-1 ತಳಿಯ ಹಿಪ್ಪುನೇರಳೆ ಸೊಪ್ಪು, ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುವುದು, ಗೂಡು ಕಟ್ಟಿಸಲು ಬಿದಿರ ಚಂದ್ರಿಕೆ ಬದಲು ಪ್ಲಾಸ್ಟಿಕ್ ನೇತ್ರಿಕೆ, ಇಷ್ಟು ಬಹಳ ಮನೆಗಳಿಗೆ ಬಂದಿದೆ. ಬಾರದಿರುವುದು ಹವೆಯ ಹಿಡಿತ. ಚಾಕಿ ಹುಳುವಿಗೆ 27–28 ಡಿಗ್ರಿ, ಶೇ 85–90 ತೇವ ಬೇಕು. ದೊಡ್ಡ ಹುಳುವಿಗೆ 24–25 ಡಿಗ್ರಿ, ತೇವ ಶೇ 70ರ ಆಸುಪಾಸು. ಏಪ್ರಿಲಿನಲ್ಲಿ ಶೀಟ್ ಮನೆಯೊಳಗೆ 35 ದಾಟಿರುತ್ತದೆ, ಬಿಳಿ ಗೂಡು ಕಟ್ಟುವ ಬೈವೋಲ್ಟೈನ್ ತಳಿಯ ಹುಳು ಅದನ್ನು ತಡೆಯುವುದಿಲ್ಲ. ಮಾಪಕ ನೇತುಹಾಕಿ, ಶೀಟಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿ. ನನ್ನ ಭಾವಮೈದನ ಮನೆಯಲ್ಲಿ ಇಷ್ಟರಿಂದಲೇ ಗೂಡು ಗಟ್ಟಿಯಾಯಿತು.

"ಪಾಲಿಹೌಸ್ ಹಾಕಿ ಕ್ಯಾಪ್ಸಿಕಂ ಬೆಳೆದ್ರೆ ಲಕ್ಷಗಟ್ಲೆ ಬರುತ್ತಂತೆ?"

ಬಂದವರೂ ಇದ್ದಾರೆ, ಸಾಲಕ್ಕೆ ಜಮೀನು ಬರೆದುಕೊಟ್ಟವರೂ ಇದ್ದಾರೆ. ಯೋಜನಾ ವರದಿಯಲ್ಲಿ ಬರೆಯದ ಮೂರು ಖರ್ಚು ಹೇಳುತ್ತೇನೆ. ಮೇಲಿನ ಹಾಳೆ ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕು. ಒಂದೇ ಬೆಳೆ ಮತ್ತೆ ಮತ್ತೆ ಹಾಕಿದರೆ ಮಣ್ಣಿನಲ್ಲಿ ಜಂತುಹುಳು ಸೇರಿ ಬೇರು ಗಂಟು ಕಟ್ಟುತ್ತದೆ, ಛಾವಣಿ ಕೆಳಗೆ ಮಳೆ ಬಿಸಿಲಿಗೆ ಅವು ಸಾಯುವ ಅವಕಾಶವೂ ಇಲ್ಲ. ಮೂರನೆಯದು ಏಪ್ರಿಲ್–ಮೇ ಬಿರುಗಾಳಿ. ವಿಮೆಯಲ್ಲಿ ಬೆಳೆಯ ಜೊತೆ ಕಟ್ಟಡವೂ ಸೇರಿದೆಯಾ ಎಂದು ಸಹಿ ಹಾಕುವ ಮೊದಲು ಓದಿಸಿಕೊಳ್ಳಿ. ಸಹಾಯಧನ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಕಟ್ಟಬೇಡಿ.

## ಕಾಗದ, ದುಡ್ಡು, ಫೋನು

"ಪಹಣಿ ಇನ್ನೂ ಮಾವನೋರ ಹೆಸರಲ್ಲೇ ಇದೆ, ಅವ್ರು ತೀರ್ಕೊಂಡು ಹನ್ನೆರಡು ವರ್ಷ ಆಯ್ತು. ನನಗೆ ಡ್ರಿಪ್ ಸಿಗುತ್ತಾ?"

ಹಾಗೇ ಸಿಗುವುದಿಲ್ಲ ಅಕ್ಕಾ. ನಮ್ಮ ಎರಡು ಜಿಲ್ಲೆಯಲ್ಲಿ ತಂತ್ರಜ್ಞಾನಕ್ಕೆ ದೊಡ್ಡ ಅಡ್ಡಗೋಡೆ ಇದೇ ಅಂತ ನನ್ನ ಅನಿಸಿಕೆ. ಸಹಾಯಧನಕ್ಕೆ ಫ್ರೂಟ್ಸ್ (ಸರ್ಕಾರದ ರೈತರ ಪಟ್ಟಿ) ನೋಂದಣಿ ಸಂಖ್ಯೆ ಬೇಕು, ಅದಕ್ಕೆ ಪಹಣಿ ನಿಮ್ಮ ಹೆಸರಿಗೆ ಇರಬೇಕು, ಅದಕ್ಕೆ ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಆಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಬೆಂಗಳೂರಲ್ಲಿರುವ ಮೈದುನನ ಸಹಿ. ಉಳುವವಳು, ಕಳೆ ಕೀಳುವವಳು, ಹಾಲು ಹಾಕುವವಳು ನೀವಾದರೂ ದಾಖಲೆಯಲ್ಲಿ ರೈತ ಇನ್ನೂ ಮಾವನವರೇ. ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಅದಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ನೋಂದಣಿ. ಡ್ರಿಪ್ಪಿಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ಸಣ್ಣ ರೈತರಿಗೆ ಶೇ 55, ಮಿಕ್ಕವರಿಗೆ ಶೇ 45, ಅದರ ಮೇಲೆ ರಾಜ್ಯದ ಪಾಲು ಸೇರುತ್ತದೆ. ಈ ವರ್ಷದ ದರವನ್ನು ತೋಟಗಾರಿಕೆ ಇಲಾಖೆಯ ಗೋಡೆ ಮೇಲೆ ಓದಿ, ಏಜೆಂಟರ ಬಾಯಲ್ಲಿ ಕೇಳಬೇಡಿ.

"ದುಡ್ಡಿದ್ದಾಗ ನೆನಪಾಗಲ್ಲ, ಬಿತ್ತೋ ಹೊತ್ತಿಗೆ ದುಡ್ಡಿರಲ್ಲ. ಏನ್ ಮಾಡೋದು?"

ಕೀನ್ಯಾದ ರೈತರಿಗೂ ಇದೇ ಕಷ್ಟ. ಅಲ್ಲಿ ಸುಗ್ಗಿ ಮುಗಿದ ಕೂಡಲೇ, ಕೈಯಲ್ಲಿ ಕಾಸಿರುವಾಗ ಗೊಬ್ಬರದ ಚೀಟಿ ಮಾರಿದರು, ಮನೆಗೆ ತಲುಪಿಸುವ ಖರ್ಚಷ್ಟೇ ಮಾಫಿ. ಗೊಬ್ಬರ ಬಳಸುವವರು ಹೆಚ್ಚಾದರು. ಅದೇ ರಿಯಾಯಿತಿಯನ್ನು ಬಿತ್ತನೆ ಹೊತ್ತಿಗೆ ಕೊಟ್ಟರೆ ಅಷ್ಟು ಉಪಯೋಗ ಆಗಲಿಲ್ಲ. ನಮ್ಮ ಮನೆಯಲ್ಲಿ ಮಾವಿನ ದುಡ್ಡು ಬಂದ ವಾರವೇ ರಾಗಿಗೆ ಬೇಕಾದ ಗೊಬ್ಬರ ತಂದು ಹಾಕಿಬಿಡುತ್ತೇವೆ. ಇಲ್ಲದಿದ್ದರೆ ಆ ದುಡ್ಡು ಯಾವುದಾದರೂ ಗೃಹಪ್ರವೇಶಕ್ಕೆ ಮುಯ್ಯಿ ಆಗಿ ಹೋಗುತ್ತದೆ.

"ಫೋನಲ್ಲಿ ಎಲೆ ಫೋಟೋ ತೆಗೆದ್ರೆ ರೋಗ ಹೇಳುತ್ತಂತೆ, ನಂಬ್ಬೋದಾ?"

ಅನುಮಾನ ಹುಟ್ಟಿಸಿಕೊಳ್ಳಲು ಸರಿ, ಔಷಧಿ ಕೊಳ್ಳಲು ಅಲ್ಲ. ಪೋಷಕಾಂಶದ ಕೊರತೆಯ ಹಳದಿಯನ್ನೂ ವೈರಸ್ಸಿನ ಹಳದಿಯನ್ನೂ ಫೋಟೋದಲ್ಲಿ ಬೇರೆ ಮಾಡುವುದು ಕಣ್ಣಿಗೇ ಕಷ್ಟ. ಹವಾಮಾನಕ್ಕೆ ಮೇಘದೂತ, ಸಿಡಿಲಿಗೆ ದಾಮಿನಿ, ಈ ಎರಡು ಆ್ಯಪ್ ನನ್ನ ಫೋನಿನಲ್ಲಿವೆ. ಕುರಿ ಕಾಯುವವರ ಫೋನಿನಲ್ಲಿ ದಾಮಿನಿ ಇರಲೇಬೇಕು. ಆ್ಯಪ್ ಬೇಡ, ಮಾತಾಡಬೇಕು ಅನ್ನುವವರಿಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

## ತಲೆ ಕೆರೆದುಕೊಳ್ಳುವ ಪ್ರಶ್ನೆಗಳು

"ಇಷ್ಟು ಜನ ಡ್ರಿಪ್ ಹಾಕಿದ್ರೂ ಅಂತರ್ಜಲ ಯಾಕೆ ಕೆಳಕ್ಕೇ ಹೋಯ್ತು?"

ಡ್ರಿಪ್ ನೀರನ್ನು ಉಳಿಸುವುದು ಗಿಡದ ಲೆಕ್ಕದಲ್ಲಿ. ಉಳಿದದ್ದು ನೆಲದಡಿಯಲ್ಲೇ ಇದ್ದರೆ ತಾನೇ ಉಳಿತಾಯ? ಅರ್ಧ ಎಕರೆಗೆ ಕಾಲುವೆಯಲ್ಲಿ ಬಿಡುತ್ತಿದ್ದವರು ಡ್ರಿಪ್ ಬಂದ ಮೇಲೆ ಒಂದೆಕರೆಗೆ ಏರಿದರು, ಒಂದು ಬೆಳೆಯಿದ್ದಲ್ಲಿ ಮೂರು ಬೆಳೆ ಬಂತು. ಮೋಟರು ಮೊದಲಿನಷ್ಟೇ ಗಂಟೆ ಓಡುತ್ತದೆ. ಮೇಲಾಗಿ ಕಾಲುವೆಯಲ್ಲಿ ಹೆಚ್ಚಾಗಿ ಬಿಟ್ಟ ನೀರಿನಲ್ಲಿ ಒಂದಷ್ಟು ಮತ್ತೆ ಇಂಗುತ್ತಿತ್ತು, ಈಗ ಅದೂ ಇಲ್ಲ. 2008ರಿಂದ 10 ಎಚ್‌ಪಿವರೆಗೆ ಪಂಪಿಗೆ ಕರೆಂಟ್ ಉಚಿತ, ಹಾಗಾಗಿ ನಿಲ್ಲಿಸಲು ಬಿಲ್ಲಿನ ಭಯವೂ ಇಲ್ಲ. ಇದನ್ನು ಹೇಳಿದರೆ ನನ್ನ ಮೇಲೆ ಸಿಟ್ಟಾಗುವವರಿದ್ದಾರೆ. ನಾನೂ ಉಚಿತ ಕರೆಂಟಿನಲ್ಲೇ ಬೆಳೆಯುತ್ತಿರುವವನು, ತೆಗೆಯಿರಿ ಎಂದು ಹೇಳುತ್ತಿಲ್ಲ. ಲೆಕ್ಕ ಹೀಗಿದೆ ಎಂದೆ.

ಹಿಂದೆ ಕೆರೆಗೊಬ್ಬ ನೀರುಗಂಟಿ ಇದ್ದ. ಯಾವ ವರ್ಷ ಎಷ್ಟು ಬಯಲಿಗೆ ತೂಬು ಎತ್ತಬೇಕು ಅನ್ನುವುದು ಕೆರೆಯ ಮಟ್ಟ ನೋಡಿ ತೀರ್ಮಾನವಾಗುತ್ತಿತ್ತು. ಬೋರಿಗೆ ನೀರುಗಂಟಿ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರು ಕೋಲಾರದ ಕೆರೆಗಳಿಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ತುಂಬಿಸುವ ಯೋಜನೆ ಅದು. ಕೆರೆ ಪಕ್ಕದ ಬೋರುಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಜನರ ಒತ್ತಾಯವೂ ನ್ಯಾಯವಾದದ್ದೇ. ಆ ನೀರು ಇಂಗಿಸಲಿಕ್ಕೆ ಬಂದದ್ದು, ಕಾಲುವೆಗೆ ಮೋಟರ್ ಇಟ್ಟು ಎತ್ತಲಿಕ್ಕಲ್ಲ.

"ಎಲ್ರೂ ಹೊಸ ಪದ್ಧತಿಲಿ ಬೆಳೆದ್ರೆ ಬೆಲೆ ಬಿದ್ದೋಗಲ್ವಾ?"

ಬೀಳುತ್ತದೆ. ಅಮೆರಿಕದ ವಿಲ್ಲರ್ಡ್ ಕಾಕ್ರೇನ್ ಎನ್ನುವ ಅರ್ಥಶಾಸ್ತ್ರಜ್ಞರು 1958ರಲ್ಲೇ ಇದನ್ನು ಬರೆದರು. ಮೊದಲು ಹೊಸದನ್ನು ಹಿಡಿದವನಿಗೆ ಖರ್ಚು ಕಡಿಮೆ, ಬೆಲೆ ಹಳೆಯದೇ, ಆದ್ದರಿಂದ ಲಾಭ. ನೋಡಿದವರೆಲ್ಲ ಹಿಡಿದಾಗ ಮಾಲು ಹೆಚ್ಚಿ ಬೆಲೆ ಇಳಿಯುತ್ತದೆ, ಲಾಭ ಕರಗುತ್ತದೆ. ಕೊನೆಗೆ ಹಿಡಿದವನಿಗೆ ನಷ್ಟ ತಪ್ಪಿಸಿಕೊಳ್ಳಲಿಕ್ಕಷ್ಟೇ ಅದು ಬೇಕು. ನಮ್ಮ ಮಾತಿನಲ್ಲಿ ಗಾಣದೆತ್ತು, ದಿನವಿಡೀ ನಡೆದರೂ ಅದೇ ಜಾಗ.

ಕೋಲಾರ ಮಂಡಿಯಲ್ಲಿ ಇದನ್ನು ಪುಸ್ತಕ ಇಲ್ಲದೆ ಕಲಿಯಬಹುದು. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಅದನ್ನು ನೋಡಿ ಎಲ್ಲರೂ ನಾಟಿ ಮಾಡಿದರು, ಮುಂದಿನ ತಿಂಗಳುಗಳಲ್ಲಿ ಬೆಲೆ ಜಾರಿತು. ಇಳುವರಿ ಹೆಚ್ಚಿಸುವ ತಂತ್ರಜ್ಞಾನಕ್ಕೆ ಈ ಗುಣ ತಪ್ಪಿದ್ದಲ್ಲ. ಖರ್ಚು ಇಳಿಸುವಂಥದ್ದು ಬೇರೆ, ಉದಾಹರಣೆಗೆ ಮಣ್ಣು ಪರೀಕ್ಷೆ ಮಾಡಿಸಿ ಎರಡು ಚೀಲ ಗೊಬ್ಬರ ಬಿಡುವುದು. ಬಾಕ್ಸಿಗೆ 80 ರೂಪಾಯಿ ಬಂದ ದಿನವೂ ಆ ಉಳಿತಾಯ ನಿಮ್ಮದೇ.

"ನಿಮ್ ತೋಟದಲ್ಲಿ ಏನೇನ್ ಹಾಕಿದ್ದೀರಾ, ಅದನ್ನ ಹೇಳಿ ಮೊದ್ಲು"

ನ್ಯಾಯವಾದ ಪ್ರಶ್ನೆ. ಒಂದೂಕಾಲು ಎಕರೆಗೆ ಡ್ರಿಪ್ ಇದೆ, ಆರು ವಾಲ್ವ್. ಕೃಷಿ ಹೊಂಡ ಇದೆ, ಬೇಲಿ ಇದೆ. ಹೊದಿಕೆ ಹಾಳೆ ಎರಡು ಬೆಳೆಗೆ ಬಳಸಿದೆ. ಕಿತ್ತ ಹಾಳೆಯನ್ನು ಸುಡದೆ ಸುತ್ತಿಟ್ಟಿದ್ದೇನೆ, ಕೊಳ್ಳುವವರು ಇನ್ನೂ ಸಿಕ್ಕಿಲ್ಲ. ಕಳೆ ತೆಗೆಯುವ ಸೈಕಲ್ ಎಡೆಕುಂಟೆ ಇದೆ, ಅದನ್ನು ನನಗಿಂತ ನನ್ನ ಹೆಂಡತಿ ಚೆನ್ನಾಗಿ ಓಡಿಸುತ್ತಾಳೆ. ಹಾಲು ಕರೆಯುವ ಯಂತ್ರ ತಂದಿದ್ದೆ, ಎರಡು ಹಸುಗಳಿಗೆ ಅದನ್ನು ತೊಳೆಯುವ ಹೊತ್ತಿನಲ್ಲಿ ಕೈಯಲ್ಲೇ ಕರೆದು ಮುಗಿಯುತ್ತಿತ್ತು, ಆರು ಹಸು ಇದ್ದವರಿಗೆ ಮಾರಿದೆ.

ತಿಂಗಳ ಚಂದಾ ಕಟ್ಟುವ ತೇವಾಂಶ ಸೆನ್ಸರ್ ಒಂದನ್ನೂ ಕೊಂಡಿದ್ದೆ. ಮೊದಲ ಬೆಳೆಗೆ ಚೆನ್ನಾಗಿ ನಡೆಯಿತು, ಎರಡನೆಯದರಲ್ಲಿ ಬ್ಯಾಟರಿ ಹೋಯಿತು, ಮಾರಿದ ಹುಡುಗ ಕೆಲಸ ಬಿಟ್ಟಿದ್ದ, ಕಂಪನಿಯ ಫೋನು ರಿಂಗಾಗುತ್ತಲೇ ಇತ್ತು. ಈಗ ಬೇರಿನ ಹತ್ತಿರದ ಮಣ್ಣು ಹಿಡಿದು ಮುಷ್ಟಿಯಲ್ಲಿ ಒತ್ತಿ ನೋಡುತ್ತೇನೆ. ಉಂಡೆ ಕಟ್ಟಿದರೆ ನೀರು ಬೇಡ, ಪುಡಿಯಾದರೆ ವಾಲ್ವ್ ತಿರುಗಿಸುತ್ತೇನೆ. ಸೆನ್ಸರಿನ ಡಬ್ಬಿ ಅಟ್ಟದ ಮೇಲಿದೆ. ಗಾಳಿಯಾಡದ ಮುಚ್ಚಳ, ಅವರೆ ಬೀಜ ಇಡಲು ಚೆನ್ನಾಗಿದೆ.